ಓವರ್ಸಿಯರಮ್ಮ ಕಟ್ಟಿದ ಮಣ್ಣಿನ ಮನೆ

ಓವರ್ಸಿಯರಮ್ಮ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಇನ್ನೂ ಬಾಗಿಲು ಕೂಡಿಸದ, ಗಿಲಾವು ಮಾಡದ ಮನೆಯ ನಡುವೆ ಈಚಲು ಚಾಪೆ ಹಾಸಿ, ಚರ್ಮದ ಕೈಚೀಲವನ್ನು ತಲೆಯಡಿ ಇಟ್ಟುಕೊಂಡು, ಎಡಮಗ್ಗುಲಾಗಿ ಮಲಗಿಬಿಡುತ್ತಿದ್ದರು. ಎದ್ದಾಗ ಕೆನ್ನೆಯ ಮೇಲೆ ಚೀಲದ ಹಿತ್ತಾಳೆ ಗುಂಡಿಯ ಗುರುತು ದುಂಡಗೆ ಮೂಡಿರುತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತ ಮೇಸ್ತ್ರಿಗೆ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು. "ನಿದ್ದಿ ಬಂತು, ಮನಿ ಚಲೋ ಐತಿ." ಇಲ್ಲವಾದರೆ, "ನಿದ್ದಿ ಬರಲಿಲ್ಲ. ಪಡುವಣ ಗ್ವಾಡಿಯೊಳಗ ಮ್ಯಾಲೊಂದು ಕಿಂಡಿ ಬಿಡ್ರಿ, ಸೆಕಿ ಹೊರಗ ಹೋಗಲಿ."

ಕಟ್ಟಿದ ಮನೆಯಲ್ಲಿ ಒಂದು ಮಧ್ಯಾಹ್ನವಾದರೂ ತಾವು ಮಲಗಿ ನೋಡದೆ ಅವರು ಯಾರಿಗೂ ಮನೆ ಬಿಟ್ಟುಕೊಟ್ಟವರಲ್ಲ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಗೊತ್ತಿದ್ದವರಿಗೆ ಇದು ಹುಚ್ಚಾಟ ಅನ್ನಿಸುವುದಿಲ್ಲ.

ಅವರು ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ಬಾಡಿಗೆಗೆ ಬಂದಾಗ ನನಗೆ ಇಪ್ಪತ್ತರ ಆಚೀಚೆ. ಬಿ.ಕಾಂ ಮುಗಿಸಿ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅವರದು ಮಕ್ತಲದ ವ್ಯಾಪಾರಸ್ಥರ ಮನೆ, ಮದುವೆಯಾಗಿರಲಿಲ್ಲ. ಸರಕಾರಿ ನೌಕರಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾಗಿದ್ದರೂ ಮೊದಲ ಹುದ್ದೆಯ ಹೆಸರೇ ಅವರಿಗೆ ಗಟ್ಟಿಯಾಗಿ ಅಂಟಿತ್ತು. ಸೀರೆಯನ್ನು ಪಾದದಿಂದ ಗೇಣು ಮೇಲೆ ಉಟ್ಟು, ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ನಮ್ಮ ಮನೆಯ ಎದುರಿನ ಮಹಡಿಯ ಕೋಣೆ ಅವರದು.

ಅಣ್ಣನ ಮನೆ ಬಿಟ್ಟು ಇಲ್ಲೇಕೆ ಇದ್ದೀರಿ ಎಂದು ಅವ್ವ ಒಮ್ಮೆ ಕೇಳಿದ್ದಳು. "ಅಣ್ಣನ ಮನಿಯೊಳಗ ಎಲ್ಲಾ ಐತ್ರಿ ಅಕ್ಕಾ, ಗಾಳಿ ಒಂದ ಇಲ್ಲ," ಎಂದಿದ್ದರು. "ಹೈದರಾಬಾದಿನ್ಯಾಗ ನೋಡಿ ಬಂದು ಹಂಗ ಕಟ್ಟಿಸ್ಯಾನ. ಗಾಜು, ಸ್ಲ್ಯಾಬು. ಏಪ್ರಿಲ್ ಬಂತಂದ್ರ ಮನಿ ಮಂದಿ ಅಂಗಡಿಗೆ ಹೋಗಿ ಮಲಕೊಂತಾರ."

ಜಗಳಗಂಟಿ. ಓಣಿಯಲ್ಲಿ ಯಾರು ಪಾಯ ತೆಗೆದರೂ ಹೋಗಿ ನಿಲ್ಲುತ್ತಿದ್ದರು, ಕರೆಯುವುದು ಬೇಕಿರಲಿಲ್ಲ. ಮೇಸ್ತ್ರಿಗಳ ಜೊತೆ ಹೆಚ್ಚಾಗಿ ತೆಲುಗು, ಕಲ್ಲು ಮಾರುವ ಸಾಬರ ಜೊತೆ ದಖನಿ, ನಮ್ಮ ಜೊತೆ ಕನ್ನಡ. ಮೂರರಲ್ಲೂ ಅವರ ದನಿ ಒಂದೇ, ಎದುರಿನವರು ಕಿವುಡರು ಅನ್ನುವ ಹಾಗೆ. ಊರ ಹೊರಗೆ ನಾಲ್ಕಂತಸ್ತಿನ ಮನೆಗಳು ಏಳುತ್ತಿದ್ದ ಕಾಲ. ನೇಕಾರರು ಹಲವರು ಅಲ್ಲಿಗೆ ಹೋಗುವ ಆಸೆಯಲ್ಲಿದ್ದರು. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೆಗೆದು, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. "ಮೂರನೇ ಅಂತಸ್ತಿನ್ಯಾಗ ಕುಣಿ ತೋಡ್ತೀರೇನು? ಕೆಳಗಿನವರ ತಲಿ ಮ್ಯಾಲೆ ಕಾಲು ಬಿಡ್ತೀರಿ," ಎಂದು ಅವರು ಕಟ್ಟೆಯ ಮೇಲೆ ಕೂತವರನ್ನು ಕೇಳುತ್ತಿದ್ದರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ, "ಊರು ಬೆಳೀಲಿ, ಬ್ಯಾಡ ಅನ್ನಲ್ಲ. ದುಡಿಯೋ ಜಾಗ ಬಿಟ್ಟು ಮಲಗೋ ಜಾಗ ಅಷ್ಟ ಕಟ್ಟಿದ್ರ ಅದು ಮನಿ ಅಲ್ಲ, ಛತ್ರ."

ಅವರು ಸರಿಯೋ ತಪ್ಪೋ ಆಗ ನಾನು ಯೋಚಿಸಿರಲಿಲ್ಲ. ನಮ್ಮ ಮನೆ ಇತ್ತು. ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹಾಸಿದ ಮಾಳಿಗೆ. ಅಜ್ಜನ ಅಪ್ಪನ ಕಾಲದ್ದು. ಮುಂದಿನ ಪಡಸಾಲೆಯಲ್ಲಿ ಅಪ್ಪನ ಮಗ್ಗ, ಅದರ ಮಗ್ಗುಲಲ್ಲಿ ಅವ್ವನ ರಾಟೆ. ಬೇರೆ ಮನೆಯ ಅಗತ್ಯ ನಮಗೆ ಬಿದ್ದಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಜೋರು ಮಳೆಯಲ್ಲ, ಬಿಡದ ಮಳೆ. ಒಂದು ಬೆಳಿಗ್ಗೆ ಅಪ್ಪ ಮಗ್ಗದಿಂದ ಇಳಿದ ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸಾವ್ಕಾರರಿಗೆ ಕೊಟ್ಟು ಬರಲು ಹೋಗಿದ್ದ. ನಾನು ಅಂಗಡಿಯಲ್ಲಿದ್ದೆ. ಅವ್ವ ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಡುತೊಲೆ ಮುರಿದು ಮಾಳಿಗೆ ಕುಸಿಯಿತು.

ಯಾರೋ ಅಂಗಡಿಗೆ ಓಡಿ ಬಂದು ಕರೆದರು. ನಾನು ಕೊಡೆ ತೆಗೆದುಕೊಂಡೇ ಹೊರಟೆ. ಅದನ್ನು ಬಿಚ್ಚಿಕೊಂಡೇ ನಡೆದೆ, ಓಡಲಿಲ್ಲ. ಇವತ್ತಿಗೂ ನನಗೆ ಅದು ಅರ್ಥವಾಗಿಲ್ಲ. ನಾನು ಹೋಗುವಷ್ಟರಲ್ಲಿ ಅವ್ವನನ್ನು ಹೊರಗೆ ತೆಗೆದು ಎದುರು ಮನೆಯ ಕಟ್ಟೆಯ ಮೇಲೆ ಮಲಗಿಸಿದ್ದರು. ಕೈಯಿಂದ ಮಣ್ಣು ಬಗೆದವರಲ್ಲಿ ಓವರ್ಸಿಯರಮ್ಮನೂ ಒಬ್ಬರು. ಅವರ ಮೊಣಕೈವರೆಗೆ ಕೆಸರು. ಅವ್ವನ ಮುಖ ಒರೆಸಿದ್ದರು. ಅಪ್ಪ ಬಂದ, ನೋಡಿದ, ಕಟ್ಟೆಯ ಕೆಳಗೆ ನೀರಿನಲ್ಲೇ ಕೂತ.

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಅವರು ಅಳುವಷ್ಟು ಹೊತ್ತು ಅವರ ಬೆನ್ನು ಸವರುತ್ತಿದ್ದೆ. ಓವರ್ಸಿಯರಮ್ಮ ಸಮಾಧಾನದ ಒಂದು ಮಾತೂ ಆಡಲಿಲ್ಲ. ಎಲ್ಲ ಹೋದ ಮೇಲೆ ತಟ್ಟೆಯಲ್ಲಿ ಅನ್ನ ಸಾರು ತಂದು ನನ್ನ ಮುಂದೆ ಇಟ್ಟರು.

"ಅತ್ತೇನು?"

"ಇಲ್ರಿ."

"ಇರಲಿ. ಅಳು ಬಂದಾಗ ಬರತೈತಿ, ಬರದಿದ್ರ ಬ್ಯಾಡ. ಊಟ ಮಾಡು."

ಅಳಬೇಕು ಎಂದು ನನಗೆ ಹೇಳದ ಒಬ್ಬರೇ ಒಬ್ಬರು ಅವರು. ನಾನು ಊಟ ಮಾಡಿದೆ.

ಅಪ್ಪ, ನಾನು ಮೂರನೇ ಮಹಡಿಯ ಒಂದು ಬಾಡಿಗೆ ಕೋಣೆಗೆ ಹೋದೆವು. ಸಿಮೆಂಟಿನ ಗೋಡೆ, ನೆತ್ತಿಯ ಮೇಲೇ ಸ್ಲ್ಯಾಬು. ಗಟ್ಟಿ ಮನೆ. ಅಪ್ಪ ಮೊದಲ ದಿನ ಗೋಡೆಯನ್ನು ಮುಷ್ಟಿಯಿಂದ ಗುದ್ದಿ ನೋಡಿದ. ಕುಣಿಮಗ್ಗಕ್ಕೆ ಜಾಗವಿಲ್ಲದ್ದರಿಂದ ಯಾರದೋ ಹಳೆಯ ನಿಲುವು ಮಗ್ಗ ತಂದು ಕೂಡಿಸಿದ. ಬೇಸಿಗೆ ಬಂದಾಗ ಕೋಣೆ ಕಾದ ಹಂಚಾಯಿತು. ನೂಲು ಒಣಗಿ ಪಟಪಟ ಹರಿಯತೊಡಗಿತು. ಅಪ್ಪ ಗಂಟು ಹಾಕುತ್ತಿದ್ದ, ಅದು ಹರಿಯುತ್ತಿತ್ತು, ಮತ್ತೆ ಗಂಟು ಹಾಕುತ್ತಿದ್ದ. ಒಂದು ದಿನ ಗಂಟು ಹಾಕುವುದನ್ನು ನಿಲ್ಲಿಸಿದ. ಆಮೇಲೆ ಸುಮ್ಮನೆ ಗೋಡೆಗೆ ಒರಗಿ ಕೂತಿರುತ್ತಿದ್ದ. ನಾನು ಅಂಗಡಿಗೆ ಹೋಗುವಾಗ ಹೇಗೆ ಕೂತಿದ್ದನೋ ಬರುವಾಗಲೂ ಹಾಗೆಯೇ.

ಓವರ್ಸಿಯರಮ್ಮ ಮೂರು ಮಹಡಿ ಹತ್ತಿ ಬಂದದ್ದು ಆಗ. ಏದುಸಿರು ಬಿಡುತ್ತ ಹೊಸ್ತಿಲಲ್ಲೇ ಕೂತು ಅಂದರು, "ನಿಮ್ಮ ಜಾಗಾ ಖಾಲಿ ಬಿದ್ದೈತಿ. ಮನಿ ಕಟ್ಟೂಣು. ಕೆಳಗ ಮಗ್ಗ, ಮ್ಯಾಲೆ ನೀವು."

"ಏನಿಂದ ಕಟ್ತೀರಿ?" ಅಪ್ಪ ಕೇಳಿದ.

"ಮಣ್ಣಿಂದ."

ಅಪ್ಪ ಅವರ ಮುಖ ನೋಡಿದ. ಬೇರೆ ಯಾರಾದರೂ ಆ ಮಾತು ಅಂದಿದ್ದರೆ ಮೆಟ್ಟಿಲಿಂದ ಕೆಳಗೆ ತಳ್ಳುತ್ತಿದ್ದ ಎಂದು ತೋರುತ್ತದೆ.

"ಮಣ್ಣು ಬ್ಯಾಡ್ರಿ," ಅಂದ. "ಮಣ್ಣು ಏನು ಮಾಡೇತಿ ನೀವ ನೋಡೀರಿ. ನೀವ ಬಗದೀರಿ."

"ನೋಡೀನಿ. ಅದಕ್ಕ ಬಂದೀನಿ. ತೊಲಿ ಒಳಗ ಗೆದ್ದಲು ತಿಂದಿತ್ತು. ಮ್ಯಾಲೆ ಸೋರಿದಂಗೆಲ್ಲಾ ವರ್ಷಾ ವರ್ಷಾ ಮಣ್ಣು ಹಾಕಿದ್ರಿ, ಭಾರ ಏರ್ತು. ನಾ ಹಂಗ ಕಟ್ಟಾಂಗಿಲ್ಲ. ಗ್ವಾಡಿ ಅಷ್ಟ ಮಣ್ಣಿಂದು. ಅದರಾಗೂ ಒಂದೀಟು ಸಿಮೆಂಟು ಕಲಿಸಿ, ಮಷಿನ್ಯಾಗ ಒತ್ತಿ, ನೆರಳಾಗ ಹದಾ ಮಾಡಿದ್ದು. ಪಾಯಕ್ಕ ಕಲ್ಲು. ಮ್ಯಾಲೆ ತೆಳು ಸ್ಲ್ಯಾಬು, ಅದರ ಹೊಟ್ಟಿಯೊಳಗ ಮಣ್ಣಿನ ಕುಡಿಕಿ ಬೋರಲು ಹಾಕತೀನಿ. ಭಾರನೂ ಇಲ್ಲ, ಸೆಕಿನೂ ಇಲ್ಲ."

"ಬ್ಯಾಡ್ರಿ," ಅಂದ ಅಪ್ಪ ಮತ್ತೆ. ಗೋಡೆಯ ಕಡೆ ತಿರುಗಿದ.

ಅವರು ವಾದ ಮಾಡಲಿಲ್ಲ. ಮರುದಿನ ಒಂದು ಮಣ್ಣಿನ ಇಟ್ಟಿಗೆ ತಂದರು. ನಮ್ಮ ಬಾಗಿಲ ಹೊರಗೆ ಬಕೀಟಿನಲ್ಲಿ ನೀರು ತುಂಬಿಸಿ ಅದನ್ನು ಮುಳುಗಿಸಿಟ್ಟು ಹೋದರು. ಅಪ್ಪ ಹೊರಗೆ ಹೋಗುವಾಗ ಬರುವಾಗ ಅದನ್ನು ದಾಟಿಯೇ ಹೋಗಬೇಕು. ನೀರು ಕೆಳಗಿಳಿದರೆ ಓವರ್ಸಿಯರಮ್ಮ ಬಂದು ತುಂಬಿಸುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಮೊದಮೊದಲು ಅಪ್ಪ ಬಕೀಟಿನ ಕಡೆ ನೋಡುತ್ತಲೇ ಇರಲಿಲ್ಲ. ಆಮೇಲೆ ಬಗ್ಗಿ ಬೆರಳಿನಿಂದ ಒತ್ತಿ ನೋಡುವುದನ್ನು ನಾನು ಕಂಡೆ. ನೀರು ತಿಳಿಯಾಗಿಯೇ ಇತ್ತು.

ಒಂದು ಭಾನುವಾರ ಅಪ್ಪ ಆ ಇಟ್ಟಿಗೆಯನ್ನು ಎತ್ತಿ ಮೆಟ್ಟಿಲ ಮೇಲಿಂದ ಕೆಳಕ್ಕೆ ಒಗೆದ. ಕೋಪದಿಂದ ಒಗೆದನೋ ಪರೀಕ್ಷೆಗೋ ತಿಳಿಯಲಿಲ್ಲ. ಅದು ದಡದಡ ಉರುಳಿ ತಿರುವಿನಲ್ಲಿ ನಿಂತಿತು. ಅಷ್ಟರಲ್ಲಿ ಓವರ್ಸಿಯರಮ್ಮ ನೀರಿನ ತಂಬಿಗೆ ಹಿಡಿದು ಮೇಲೆ ಬರುತ್ತಿದ್ದರು. ಬಗ್ಗಿ ನೋಡಿದರು.

"ಮೂಲಿ ಒಂದು ಹೋಗೇತಿ," ಅಂದರು. "ಇನ್ನೊಮ್ಮೆ ಒಗೀರಿ. ಪೂರಾ ಒಡದ್ರ ನಾ ಇತ್ತಾಗ ಬರೂದಿಲ್ಲ."

ಅಪ್ಪ ಇಳಿದು ಹೋಗಿ ಅದನ್ನು ಎತ್ತಿಕೊಂಡ. ಒಗೆಯಲಿಲ್ಲ. ಕೈಯಲ್ಲೇ ಹಿಡಿದು ನಿಂತು, "ಎಲ್ಲೀ ಮಣ್ಣಿದು?" ಎಂದು ಕೇಳಿದ.

"ಮಕ್ತಲ ದಾರಿ ಗುಡ್ಡದ್ದು. ಕೆಂಪು ಗರಸು."

"ನಮ್ಮ ಮನೀ ಮಣ್ಣು ಹಾಕಬಾರದು."

"ಹಾಕೂದಿಲ್ಲ," ಅಂದರು. ಕುಸಿದ ಮನೆಯ ಆ ಗುಡ್ಡೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿ ಕೆರೆಯ ದಂಡೆಗೆ ಹಾಕಿಸಿದರು. ಒಂದು ಬುಟ್ಟಿಯೂ ಉಳಿಯದ ಹಾಗೆ ತಾವೇ ನಿಂತು ಗುಡಿಸಿಸಿದರು. ಕಲ್ಲುಗಳನ್ನು ಮಾತ್ರ ತೊಳೆದು ಪಾಯಕ್ಕೆ ಇಟ್ಟುಕೊಂಡರು.

ಮನೆ ಏಳುತ್ತಿದ್ದಾಗ ನಾನು ಅಂಗಡಿಯ ಕೆಲಸ ಬಿಟ್ಟು ಅಲ್ಲೇ ಇರತೊಡಗಿದೆ. ಆಸಕ್ತಿ ಅಂತಲ್ಲ. ಅಂಗಡಿಯಲ್ಲಿ ನಗುನಗುತ್ತ ಸೀರೆ ಬಿಚ್ಚಿ ತೋರಿಸುವುದು ಆಗುತ್ತಿರಲಿಲ್ಲ. ಇಲ್ಲಿ ಗೋಣಿಚೀಲ ತೋಯಿಸಿ ಇಟ್ಟಿಗೆಯ ಮೇಲೆ ಹೊದಿಸಿದರೆ ಸಾಕಿತ್ತು, ಮುಖ ಹೇಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ಗದ್ವಾಲದಿಂದ ಬಂದ ಅಪ್ಪನ ತಂಗಿ ಗೋಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಊರೆಲ್ಲಾ ಸಿಮೆಂಟ್ ಕಟ್ಟತೈತಿ, ಹೆಂಡ್ತೀನ ತಿಂದ ಮಣ್ಣಿನ್ಯಾಗ ನೀ ಮತ್ತ ಹೋಗಿ ಕೂಡ್ತೀಯೇನಣ್ಣಾ?" ಅಲ್ಲಿದ್ದ ಮುದಿ ಮೇಸ್ತ್ರಿ ತೆಲುಗಿನಲ್ಲಿ, "ಇದಿ ಮಟ್ಟಿ ಕಾದಮ್ಮಾ, ರಾಯಿ," ಎಂದ. ಇದು ಮಣ್ಣಲ್ಲ, ಕಲ್ಲು ಎಂದು. ಓವರ್ಸಿಯರಮ್ಮ ಅವನನ್ನೂ ಬಿಡಲಿಲ್ಲ. "ಸುಳ್ಳು ಹೇಳಬ್ಯಾಡ. ಮಣ್ಣ ಅದು. ಮಣ್ಣ ಅಂತ ತಿಳಕೊಂಡ ಒಳಗ ಹೋಗ್ಲಿ."

ಮನೆ ಮುಗಿಯಿತು. ಪಕ್ಕದ ಮನೆಯ ಗೋಡೆಯೇ ನಮಗೂ ಗೋಡೆಯಾಗದಂತೆ, ಆದರೆ ನಡುವೆ ಜಾಗವೂ ಪೋಲಾಗದಂತೆ, ಓಣಿಯ ಸಾಲಿನಲ್ಲಿ ಅದು ಕೂತಿತು. ಕೆಳಗೆ ಕುಣಿ ತೋಡಿ ಮಗ್ಗ ಕೂಡಿಸಲಾಯಿತು. ಮಗ್ಗದ ಮೇಲೆ ಬೆಳಕು ಬೀಳುವಂತೆ ಬೀದಿಯ ಕಡೆ ಉದ್ದನೆಯ ಕಿಟಕಿ. ಆದರೆ ಅಪ್ಪ ಒಳಗೆ ಹೋಗಲಿಲ್ಲ. ಎದುರಿನ ಕಟ್ಟೆಯ ಮೇಲೇ ಕೂರುತ್ತಿದ್ದ, ಅದೇ ಕಟ್ಟೆಯ ಮೇಲೆ. ಸಂಜೆ ಬಾಡಿಗೆ ಕೋಣೆಗೆ ಮರಳುತ್ತಿದ್ದ. ಹೀಗೆಯೇ ಆಷಾಢ ಬಂತು, ಮಳೆ ಬಂತು.

ಆ ಮಧ್ಯಾಹ್ನ ಮಳೆ ಬೀಳುತ್ತಿದ್ದಾಗ ಓವರ್ಸಿಯರಮ್ಮ ತಮ್ಮ ಕೋಣೆಯಿಂದ ಇಳಿದು ಬಂದರು. ಕಂಕುಳಲ್ಲಿ ಚಾಪೆ. ನಮ್ಮ ಕಡೆ ನೋಡಲೂ ಇಲ್ಲ. ಮನೆಯೊಳಗೆ ಹೋಗಿ ಸರಿಯಾಗಿ ನಡುವೆ, ಹಿಂದೆ ಅವ್ವ ಕೂರುತ್ತಿದ್ದ ಜಾಗದಲ್ಲಿ, ಚಾಪೆ ಹಾಸಿ ಮಲಗಿದರು. ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲಿಂದ ನಮಗೆ ಅವರ ಬೂಟುಗಳು ಕಾಣುತ್ತಿದ್ದವು.

ಮಳೆ ಹೆಚ್ಚಾಯಿತು. ಸೂರಿನ ಕೊಳವೆಯಿಂದ ನೀರು ಧೋ ಎಂದು ಬೀದಿಗೆ ಬೀಳತೊಡಗಿತು. ಅಪ್ಪ ಮೂರು ನಾಲ್ಕು ಸಲ ಎದ್ದು ನಿಂತ, ಕೂತ. "ಎಬ್ಬಿಸಿಕೊಂಡು ಬಾ ಅವರನ್ನ," ಎಂದು ನನಗೆ ಹೇಳಿದ. ನಾನು ಹೋಗಲಿಲ್ಲ. ಹೋಗಬೇಕು ಅನ್ನಿಸಲಿಲ್ಲ, ಹೋಗಬಾರದು ಅಂತಲೂ ಅನ್ನಿಸಲಿಲ್ಲ. ಕೊನೆಗೆ ಅಪ್ಪ ತಾನೇ ಬೀದಿ ದಾಟಿದ. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತ. ಒಳಗೆ ಹೋಗಿ ಅವರ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತ. ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಪ್ಪ ಚಾವಣಿ ನೋಡುತ್ತ ಕೂತ, ಅವರು ತಾವಾಗಿ ಏಳುವ ತನಕ.

ಎದ್ದ ಮೇಲೆ ಅವರು ಅಪ್ಪನನ್ನು ಕಂಡರು. ಚಾಪೆ ಸುತ್ತಿಕೊಂಡು ಹೊರಟರು. ಬೀದಿಯಲ್ಲಿ ನನ್ನನ್ನು ದಾಟುವಾಗ, "ನಿದ್ದಿ ಹತ್ತಲಿಲ್ಲ ನನಗ," ಎಂದರು ಮೆಲ್ಲಗೆ. "ಗೊರಕಿ ಹೊಡದೆ, ಅಷ್ಟ."

ಆ ವಾರವೇ ಅಪ್ಪ ಕುಣಿಗೆ ಇಳಿದ. ನೂಲು ಹರಿಯಲಿಲ್ಲ.

ಆಮೇಲೆ ನಮ್ಮ ಓಣಿಯಲ್ಲೇ ಕೆಲವರು ಕಟ್ಟಿಸಿದರು. ಮಕ್ತಲದಲ್ಲಿ ಹಮಾಲರ ಒಂದು ಸಾಲು ಮನೆ, ಗದ್ವಾಲದಲ್ಲಿ ನೇಕಾರರ ಒಂದು ಸಾಲು. ನಾನು ಅವರ ಜೊತೆಗೇ ಉಳಿದೆ. ಎಲ್ಲ ಮನೆಯೂ ಗೆಲ್ಲಲಿಲ್ಲ. ಉಂಡವಳ್ಳಿಯ ಕಡೆ ಎರೆಭೂಮಿಯಲ್ಲಿ ಕಟ್ಟಿದ ಮನೆ ಮೊದಲ ಬೇಸಿಗೆಗೇ ಮೂಲೆಯಿಂದ ಮೂಲೆಗೆ ಬಿರಿಯಿತು. ಬೆರಳು ತೂರುವಷ್ಟು ಬಿರುಕು. ಓವರ್ಸಿಯರಮ್ಮ ಮನೆಯವರನ್ನು ಕೂರಿಸಿಕೊಂಡು, "ಎರೀ ಮಣ್ಣು ಎಷ್ಟು ಉಬ್ಬತೈತಿ ಅಂತ ನಾ ಅಂದಾಜು ತಪ್ಪಿದೆ. ಮೇಸ್ತ್ರಿದಲ್ಲ, ನಂದು ತಪ್ಪು," ಎಂದರು. ಬಿಚ್ಚಿಸಿ, ಪಾಯ ಆಳಕ್ಕಿಳಿಸಿ, ಮತ್ತೆ ಕಟ್ಟಿಸಿದರು. ಅವತ್ತು ಬಸ್ಸಿನಲ್ಲಿ ಬರುವಾಗ ಮಕ್ತಲದ ಬಸ್ ನಿಲ್ದಾಣದಲ್ಲಿ ಇಳಿದು ಮಿರ್ಚಿ, ಮಂಡಾಳು ತಿಂದರು. ಖಾರಕ್ಕೋ ಏನೋ ಕಣ್ಣು ಒರೆಸಿಕೊಂಡರು.

ಹೋದ ವರ್ಷ ಗದ್ವಾಲದಲ್ಲಿ ಕೆಲಸ ನಡೆದಿದ್ದಾಗ ಏಣಿ ಹತ್ತುತ್ತ ಅವರಿಗೆ ಉಸಿರು ಸಿಕ್ಕಿಕೊಂಡಿತು. ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದರು. ಮಕ್ತಲದ ಅಣ್ಣ ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ನಾರಾಯಣಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೂಟು ಇಲ್ಲದ ಅವರ ಪಾದಗಳನ್ನು ನಾನು ನೋಡಿದ್ದು ಅಲ್ಲಿಯೇ. ಬಾತಿದ್ದವು.

ಒಂದು ಮಧ್ಯಾಹ್ನ ಅವರ ಅಣ್ಣ ಊಟಕ್ಕೆ ಹೋಗಿದ್ದಾಗ ಅವರು ನನ್ನನ್ನು ಹತ್ತಿರ ಕರೆದರು.

"ನಿಮ್ಮ ಹಳೀ ಮನೀ ತೊಲಿ ಬಾಗಿದ್ದು ನಾ ಮೊದಲ ನೋಡಿದ್ದೆ," ಎಂದರು. "ಮಳಿ ಹಿಡಿಯೋಕಿಂತ ಮುಂಚೆ. ಕೆಳಗ ಒಂದು ಕಂಬಾ ಆಧಾರ ಕೊಡಸ್ರಿ ಅಂತ ನಿಮ್ಮವ್ವಗ ಹೇಳಿದೆ. ಮಗ್ಗ ಬಿಚ್ಚಬೇಕಾಗತೈತ್ರಿ, ಆಮ್ಯಾಲೆ ನೋಡೂಣು ಅಂದಳು. ನಾ ಹೂಂ ಅಂದು ಬಂದೆ. ಎಲ್ಲಾರ ಜೋಡಿ ಜಗಳಾಡಾಕಿ, ಅವತ್ತು ಹೂಂ ಅಂದೆ. ಆಕಿ ಛಾ ಕೊಟ್ಟಿದ್ದಳು."

ನನಗೆ ಸಿಟ್ಟು ಬರಬೇಕಿತ್ತೇನೋ. ಕಿಟಕಿಯ ಪರದೆ ಅಲುಗುತ್ತಿತ್ತು. ಅದನ್ನು ನೋಡುತ್ತಿದ್ದೆ.

"ನೀರು ಕುಡೀತೀರೇನ್ರಿ?" ಎಂದು ಕೇಳಿದೆ.

"ಕೊಡು," ಎಂದರು. ಎರಡು ಗುಟುಕು ಕುಡಿದರು. ಮತ್ತೆ ಆ ಮಾತು ತೆಗೆಯಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಮಕ್ತಲದಲ್ಲಿ ಮಣ್ಣು. ಹಣೆಗೆ ವಿಭೂತಿ ಹಚ್ಚಿ, ಕುಣಿಯಲ್ಲಿ ಕೂರಿಸಿ, ಪತ್ರಿ ಹಾಕಿದರು. ಎಲ್ಲರಂತೆ ನಾನೂ ಹಿಡಿ ಮಣ್ಣು ಹಾಕಿದೆ. ಹಮಾಲರ ಸಾಲಿನ ಹೆಂಗಸರು ಬಂದಿದ್ದರು, ಜೋರಾಗಿ ಅತ್ತರು. ನಾನು ಅವರ ಬೆನ್ನು ಸವರಿದೆ. ಸಂಜೆಯ ಬಸ್ಸು ಹಿಡಿದು ಊರಿಗೆ ಬಂದೆ.

ಅಪ್ಪನಿಗೆ ಮಂಡಿನೋವು, ಬಂದಿರಲಿಲ್ಲ. ಮಗ್ಗದಲ್ಲಿ ಕೂತಿದ್ದ, ನೇಯುತ್ತಿರಲಿಲ್ಲ.

"ಆತೇನು?"

"ಆತು."

ಕೈಕಾಲು ತೊಳೆದು ಬಂದು, ಯಾಕೆಂದು ಗೊತ್ತಿಲ್ಲ, ಓವರ್ಸಿಯರಮ್ಮ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

"ನಿಮ್ಮವ್ವ ನನಗ ಹೇಳಿದ್ದಳು," ಎಂದ. "ಅವತ್ತ ಹೇಳಿದ್ದಳು. ಓವರ್ಸಿಯರಮ್ಮ ಹಿಂಗ ಅಂತಾರ, ಕಂಬಾ ಕೊಡಸೂಣು ಅಂತ. ನಾನ ಅಂದೆ, ಈ ಸೀರಿ ಒಂದು ಇಳೀಲಿ ತಡಿ ಅಂತ."

ಲಾಳಿಯನ್ನು ಕೆಳಗಿಟ್ಟು ಮತ್ತೆ ಅಂದ, "ಓವರ್ಸಿಯರಮ್ಮಗ ಇದನ್ನ ಹೇಳಬೇಕಿತ್ತು ನಾನು. ಎದುರಾ ಎದುರು ಇದ್ವಿ. ದಿನಾ ನೋಡತಿದ್ದೆ. ಹೇಳಾಕ ಬಾಯಿ ಬರಲಿಲ್ಲ."

ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಆ ರಾತ್ರಿ ಇಬ್ಬರೂ ಊಟ ಮಾಡಿದೆವು. ಮತ್ತೆ ಆ ವಿಷಯ ನಮ್ಮ ನಡುವೆ ಬಂದಿಲ್ಲ.

ಅವರು ಕಲಿಸಿದ ಕೆಲಸವನ್ನು ನಾನು ಮಾಡಿಕೊಂಡು ಹೋಗುತ್ತಿದ್ದೇನೆ. ಅವರಷ್ಟು ನನಗೆ ಬರುವುದಿಲ್ಲ. ಮೇಸ್ತ್ರಿಗಳು ನನ್ನ ಮಾತನ್ನು ಎರಡು ಸಲ ಹೇಳಿಸಿಕೊಳ್ಳುತ್ತಾರೆ. ಆದರೆ ಹೊಸ ಮನೆಯ ಮಾತಿಗೆ ಯಾರು ಕರೆದರೂ ನಾನು ಮೊದಲು ಅವರ ಹಳೆಯ ಮನೆಯೊಳಗೆ ಹೋಗಿ ತಲೆಯೆತ್ತಿ ನೋಡುತ್ತೇನೆ. ಹೋದ ತಿಂಗಳು ಮಕ್ತಲದಲ್ಲಿ ಕೋಟೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿಯ ಮನೆಗೆ ಹೋಗಿದ್ದೆ. ಹಿಟ್ಟಿನ ಗಿರಣಿ ಇಟ್ಟುಕೊಂಡಿರುವಾಕೆ. ಗಿರಣಿಯ ಮೇಲಿನ ತೊಲೆ ಬಾಗಿತ್ತು. ಇವತ್ತೇ ಆಧಾರ ಕೊಡಬೇಕು ಎಂದೆ. ಗಿರಣಿ ಸರಿಸಬೇಕಾಗತೈತಿ, ಹಬ್ಬದ ಹಿಟ್ಟು ಮುಗೀಲಿ ಎಂದಳು ಆಕೆ. ಛಾ ತಂದಿಟ್ಟಳು. ನಾನು ಕುಡಿಯಲಿಲ್ಲ. ಹೊಸ್ತಿಲ ಮೇಲೆ ಅಡ್ಡ ಕೂತೆ. ಜೋಳದ ಬುಟ್ಟಿ ಹೊತ್ತು ಬಂದವರನ್ನು ಒಳಗೆ ಬಿಡಲಿಲ್ಲ. ಆಕೆ ಬೈದಳು, ಆಕೆಯ ಸೊಸೆ ಬೈದಳು, ಓಣಿಯ ಮಂದಿ ಸೇರಿದರು. ಯಾರೋ ಸಾಬರ ಕಟ್ಟಿಗೆ ಅಡ್ಡೆಯಿಂದ ಒಂದು ಸಾಗುವಾನಿ ಕಂಬ ತಂದರು. ಗಿರಣಿ ಸರಿಸಿ, ಕಂಬ ನಿಲ್ಲಿಸಿ, ಕೆಳಗೆ ಬೆಣೆ ಹೊಡೆದರು. ನಾನು ಕೈಯಿಂದ ಅಲುಗಿಸಿ ನೋಡಿದೆ. ಅಲುಗಲಿಲ್ಲ. ಆಮೇಲೆ ಎದ್ದು ಬಂದೆ.